ಕೆರೆಯಂಚಿನ ಹುಲ್ಲು ಮತ್ತು ಯಕೃತ್ತಿನ ಹುಳು

ಹಿಂಡಿ, ಬೂಸಾ ಎಷ್ಟು ಕೊಟ್ಟರೂ ಹಸು ಮೈ ಹಿಡಿಯುವುದಿಲ್ಲ. ಹಾಲು ದಿನದಿಂದ ದಿನಕ್ಕೆ ಇಳಿಯುತ್ತದೆ. ಕೂದಲು ಒರಟಾಗುತ್ತದೆ. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಒಳಭಾಗ ಬಿಳಿಚಿಕೊಂಡಿರುತ್ತದೆ. ಕೆಲವು ವಾರ ಕಳೆದ ಮೇಲೆ ಗದ್ದದ ಕೆಳಗೆ ನೀರು ತುಂಬಿದಂತೆ ಮೆತ್ತನೆಯ ಊತ ಕಾಣಿಸಿಕೊಳ್ಳುತ್ತದೆ. ದೃಷ್ಟಿ ತಾಗಿತೆಂದು ನಿವಾಳಿಸಿ ಸುಮ್ಮನಾಗುವವರುಂಟು. ಆದರೆ ಇಂಥ ದನ ಕೆರೆಯ ಅಂಗಳದಲ್ಲಿ ಅಥವಾ ಕಾಲುವೆಯ ಬದಿಯಲ್ಲಿ ಮೇಯುವಂಥದ್ದಾದರೆ ಮೊದಲು ಸಂಶಯಪಡಬೇಕಾದದ್ದು ಯಕೃತ್ತಿನ ಚಪ್ಪಟೆ ಹುಳುವನ್ನು, ಅಂದರೆ ಲಿವರ್ ಫ್ಲೂಕನ್ನು.

ನಮ್ಮ ಬಯಲು ಸೀಮೆ, ಮಲೆನಾಡುಗಳಲ್ಲಿ ಕಾಣುವುದು ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂಬ ಜಾತಿ. ಎಲೆಯಂತೆ ಚಪ್ಪಟೆ, ಉದ್ದ 25ರಿಂದ 75 ಮಿಲಿಮೀಟರ್. ಯಕೃತ್ತಿನ ಪಿತ್ತನಾಳಗಳಲ್ಲಿ ವಾಸ. ಒಂದೊಂದು ಹುಳುವೂ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಪಿತ್ತದೊಡನೆ ಕರುಳಿಗೆ ಇಳಿದು ಸಗಣಿಯಲ್ಲಿ ಹೊರಬೀಳುತ್ತವೆ.

ಬಸವನಹುಳುವಿನೊಳಗೆ

ಈ ಮೊಟ್ಟೆ ನೇರವಾಗಿ ಇನ್ನೊಂದು ದನದ ಹೊಟ್ಟೆ ಸೇರಿದರೆ ಏನೂ ಆಗುವುದಿಲ್ಲ. ಅದು ಸಗಣಿಯಿಂದ ಬಿಡಿಸಿಕೊಂಡು ನೀರು ಸೇರಬೇಕು. ನಮ್ಮ ಹವೆಯಲ್ಲಿ ಸುಮಾರು ಎರಡು ವಾರದಲ್ಲಿ ಮೊಟ್ಟೆ ಒಡೆದು, ಮೈತುಂಬ ನವಿರು ರೋಮಗಳಿರುವ ಮರಿಯೊಂದು ಹೊರಬಂದು ಈಜತೊಡಗುತ್ತದೆ. ಇದು ಏನನ್ನೂ ತಿನ್ನುವುದಿಲ್ಲ. ಸುಮಾರು ಒಂದು ದಿನದೊಳಗೆ ತಕ್ಕ ಬಸವನಹುಳು ಸಿಕ್ಕದಿದ್ದರೆ ಸಾಯುತ್ತದೆ.

ಸಿಕ್ಕಿದರೆ ಮಾತ್ರ ಕಥೆಯೇ ಬೇರೆ. ಮರಿಯು ಬಸವನಹುಳುವಿನ ಮೈ ಕೊರೆದು ಒಳಹೊಕ್ಕು, ಚೀಲದಂಥ ರೂಪ ತಾಳಿ, ಅದರೊಳಗೆ ಇನ್ನಷ್ಟು ಮರಿಗಳನ್ನು, ಅವುಗಳೊಳಗೆ ಮತ್ತಷ್ಟನ್ನು ಬೆಳೆಸುತ್ತದೆ. ಒಂದು ಮರಿ ಹೊಕ್ಕಲ್ಲಿ ನೂರಾರು ಹೊರಬರುತ್ತವೆ. ಇದಕ್ಕೆ ಆರೇಳು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಹೊರಬಿದ್ದ ಬಾಲದ ಮರಿಗಳು ನೀರಿನಲ್ಲಿ ಸ್ವಲ್ಪ ಹೊತ್ತು ಈಜಿ, ಹುಲ್ಲು, ಜೊಂಡು ಅಥವಾ ಭತ್ತದ ಕಾಂಡಕ್ಕೆ ಅಂಟಿಕೊಂಡು, ಬಾಲ ಕಳಚಿ, ಸುತ್ತಲೂ ಗಟ್ಟಿ ಕೋಶ ಕಟ್ಟಿಕೊಳ್ಳುತ್ತವೆ. ಕೋಶದ ಗಾತ್ರ ಮಿಲಿಮೀಟರಿನ ಕಾಲು ಭಾಗದಷ್ಟು. ತೇವವಿದ್ದರೆ ತಿಂಗಳುಗಟ್ಟಲೆ ಬದುಕುತ್ತದೆ. ಬಿಸಿಲಿಗೆ ಒಣಗಿದರೆ ಸಾಯುತ್ತದೆ. ದನ ತಿನ್ನುವುದು ಈ ಕೋಶವನ್ನು.

ಈ ಗುಟ್ಟು ಬಯಲಾದದ್ದು 1880ರ ದಶಕದಲ್ಲಿ. 1879-80ರಲ್ಲಿ ಇಂಗ್ಲೆಂಡಿನ ಕುರಿಗಳು ಈ ರೋಗದಿಂದ ಲಕ್ಷಗಟ್ಟಲೆ ಸತ್ತಾಗ ಆಕ್ಸ್‌ಫರ್ಡಿನ ಥಾಮಸ್ ಹುಡುಕಾಟಕ್ಕೆ ತೊಡಗಿದರು. ಜರ್ಮನಿಯಲ್ಲಿ ಲ್ಯೂಕಾರ್ಟ್ ಅದೇ ಕೆಲಸದಲ್ಲಿದ್ದರು. ಇಬ್ಬರೂ ಬೇರೆ ಬೇರೆಯಾಗಿಯೇ ಬಸವನಹುಳುವನ್ನು ತಲುಪಿದರು. ಈ ಬಗೆಯ ಹುಳುಗಳಲ್ಲಿ ಜೀವನಚಕ್ರ ಪೂರ್ತಿಯಾಗಿ ತಿಳಿದುಬಂದದ್ದು ಇದೇ ಮೊದಲು.

ಇದರ ದಾಯಾದಿಗಳು ಇನ್ನೂ ಜಾಣ. ದಕ್ಷಿಣ ಫ್ರಾನ್ಸಿನ ಉಪ್ಪುನೀರಿನ ಹಿನ್ನೀರುಗಳಲ್ಲಿ ಮೈಕ್ರೊಫ್ಯಾಲಸ್ ಎಂಬ ಚಪ್ಪಟೆ ಹುಳುವಿಗೆ ಬಸವನಹುಳುವಿನ ಅನಂತರ ಗ್ಯಾಮರಸ್ ಎಂಬ ಸೀಗಡಿಯಂಥ ಸಣ್ಣ ಪ್ರಾಣಿ ಬೇಕು. ಅದರ ಮಿದುಳಿನಲ್ಲೇ ಇದು ಕೋಶ ಕಟ್ಟುತ್ತದೆ. ಅಪಾಯ ಬಂದಾಗ ತಳಕ್ಕೆ ಓಡಿ ಅಡಗಬೇಕಾದ ಪ್ರಾಣಿ ಆಗ ಬೆಳಕಿನತ್ತ, ನೀರಿನ ಮೇಲ್ಭಾಗಕ್ಕೆ ಬಂದು ಹೊರಳಾಡುತ್ತದೆ. ನೀರುಹಕ್ಕಿಗೆ ಸುಲಭದ ತುತ್ತು. ಹುಳು ಬಲಿಯುವುದು ಆ ಹಕ್ಕಿಯ ಹೊಟ್ಟೆಯಲ್ಲಿ. ನಮ್ಮ ಯಕೃತ್ತಿನ ಹುಳುವಿಗೆ ಇಷ್ಟು ಉಪಾಯ ಬೇಕಿಲ್ಲ. ಹಸಿದ ದನ ತಾನಾಗಿಯೇ ಹುಲ್ಲಿಗೆ ಬಾಯಿ ಹಾಕುತ್ತದೆ.

ಯಾವ ಬಸವನಹುಳು?

ಎಲ್ಲ ಬಸವನಹುಳುಗಳೂ ಅಪರಾಧಿಗಳಲ್ಲ. ಗದ್ದೆಯಲ್ಲಿ ಕಾಣುವ ದೊಡ್ಡ, ಬಾಯಿಗೆ ಮುಚ್ಚಳವಿರುವ ಜಾತಿ ಈ ಹುಳುವನ್ನು ಸಾಕುವುದಿಲ್ಲ. ಲಿಮ್ನಿಯಾ ಜಾತಿಯದು ಚಿಕ್ಕದು. ಚಿಪ್ಪು ತೆಳು, ಕಂದು, ಮುಚ್ಚಳವಿಲ್ಲ. ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ನಮ್ಮ ಕಡೆ ತಿರುಗಿಸಿ ಹಿಡಿದರೆ ಬಾಯಿ ಬಲಕ್ಕಿರುತ್ತದೆ. ನಿಂತ ಅಥವಾ ನಿಧಾನವಾಗಿ ಹರಿಯುವ ನೀರಿನಲ್ಲಿ, ಕಳೆಗಿಡಗಳ ನಡುವೆ ಸಿಗುತ್ತದೆ. ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತಿಕೊಂಡಿರುವ ಇನ್ನೊಂದು ಜಾತಿ ಹಸುಗಳ ಗೊರಕೆ ರೋಗದ ಹುಳುವನ್ನು ಸಾಕುತ್ತದೆ. ಅದರ ವಿಚಾರ ಬೇರೆ.

ದನದೊಳಗೆ

ಕೋಶ ಕರುಳಿನಲ್ಲಿ ಒಡೆದು, ಎಳೆಯ ಹುಳು ಕರುಳಿನ ಗೋಡೆ ಕೊರೆದು ಯಕೃತ್ತನ್ನು ಹೊಗುತ್ತದೆ. ವಾರಗಟ್ಟಲೆ ಅದನ್ನು ತಿನ್ನುತ್ತ ಸುತ್ತಿ, ಆಮೇಲೆ ಪಿತ್ತನಾಳ ಸೇರುತ್ತದೆ. ಕುರಿಗಳಲ್ಲಿ ಒಮ್ಮೆಲೇ ಹೆಚ್ಚು ಕೋಶಗಳು ಹೊಟ್ಟೆ ಸೇರಿದರೆ ಯಕೃತ್ತಿನಲ್ಲಿ ರಕ್ತಸ್ರಾವವಾಗಿ, ಯಾವ ಚಿಹ್ನೆಯೂ ಕಾಣದೆ ಸಾಯುವುದುಂಟು. ಹಸು, ಎಮ್ಮೆಗಳಲ್ಲಿ ರೋಗ ನಿಧಾನ. ಮೇಲ್ನೋಟಕ್ಕೆ ಚೆನ್ನಾಗಿರುವ ಎಮ್ಮೆಯೂ ಕೆರೆಗೆ ದಿನವೂ ಮೊಟ್ಟೆ ಸುರಿಯುತ್ತಿರಬಹುದು.

ಕೋಶ ತಿಂದ ದಿನದಿಂದ ಸಗಣಿಯಲ್ಲಿ ಮೊಟ್ಟೆ ಕಾಣುವವರೆಗೆ ಮೂರು ನಾಲ್ಕು ತಿಂಗಳು ಬೇಕು. ಆದ್ದರಿಂದ ಮೊದಲ ಹಂತದಲ್ಲಿ ಸಗಣಿ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ರೋಗವಿಲ್ಲವೆಂದು ತಿಳಿಯಕೂಡದು. ಸತ್ತ ಕುರಿಯ ಯಕೃತ್ತನ್ನು ಪಶುವೈದ್ಯರಿಂದ ಕೊಯ್ದು ನೋಡಿಸಿದರೆ ಮಂದೆಯ ಸ್ಥಿತಿ ತಿಳಿಯುತ್ತದೆ.

ಎಲ್ಲಿ ತಡೆಯಬಹುದು?

ಔಷಧಿಯೊಂದನ್ನೇ ನಂಬಿದರೆ ಸಾಲದು. ಆಕ್ಸಿಕ್ಲೋಜನೈಡ್ ಮುಖ್ಯವಾಗಿ ಬಲಿತ ಹುಳುಗಳನ್ನು ಕೊಲ್ಲುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಯವುಗಳನ್ನೂ ಕೊಲ್ಲುತ್ತದೆ. ಆದರೆ ಇದಕ್ಕೂ ಜಗ್ಗದ ಹುಳುಗಳು ಆಸ್ಟ್ರೇಲಿಯಾದಲ್ಲಿ ಇರುವುದು 1995ರಲ್ಲಿ ವರದಿಯಾಯಿತು. ಯಾವ ಔಷಧಿ, ತೂಕಕ್ಕೆ ಎಷ್ಟು, ಕರೆಯುವ ಹಸುವಿಗೆ ಕೊಡಬಹುದೇ, ಹಾಲನ್ನು ಎಷ್ಟು ದಿನ ಬಳಸಬಾರದು ಎಂಬುದನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ ಕೊಟ್ಟರೆ ಕೆರೆ ತುಂಬುವ ಹೊತ್ತಿಗೆ ನೀರು ಸೇರುವ ಮೊಟ್ಟೆ ಕಡಿಮೆಯಾಗುತ್ತದೆ.

ಸಗಣಿಯನ್ನು ತಿಪ್ಪೆಗುಂಡಿಯಲ್ಲಿ ಚೆನ್ನಾಗಿ ಕಾವು ಬಂದು ಕೊಳೆಯಲು ಬಿಟ್ಟರೆ ಮೊಟ್ಟೆಗಳು ಸಾಯುತ್ತವೆ. ಹಸಿ ಸಗಣಿಯನ್ನು ನೀರು ನಿಂತ ಗದ್ದೆಗೆ ಹಾಕುವುದು ರೋಗವನ್ನು ಬಿತ್ತಿದಂತೆ. ಭತ್ತದ ಹುಲ್ಲಿನಲ್ಲಿ ಕೋಶ ಅಂಟಿರುವುದು ನೀರಿನಲ್ಲಿ ಮುಳುಗಿದ್ದ ಬುಡದಲ್ಲಿ, ತುದಿಯಲ್ಲಿ ಅಲ್ಲ. ಹಸಿ ಹುಲ್ಲು ಹಾಕಲೇಬೇಕಾದರೆ ಮೇಲಿನ ಭಾಗವನ್ನು ಹಾಕಿ, ಬುಡವನ್ನು ಮೂರು ದಿನವಾದರೂ ಬಿಸಿಲಿಗೆ ಹರಡಿ ಒಣಗಿಸಿ. ಕೊಯ್ಲಾದ ಕೂಡಲೇ ಒದ್ದೆ ಗದ್ದೆಯ ಕೂಳೆಗೆ ದನ ಬಿಡುವ ರೂಢಿ ಅಪಾಯಕರ. ಬೇಸಿಗೆಯಲ್ಲಿ ಬೇರೆಲ್ಲೂ ಮೇವಿಲ್ಲದೆ ಕೆರೆಯಂಚಿನ ಹಸಿರಿಗೆ ದನ ಹೊಡೆಯುವವರ ಕಷ್ಟ ನಿಜವೇ. ಅಲ್ಲಿಯ ಹುಲ್ಲನ್ನು ಕೊಯ್ದು ಒಣಗಿಸಿ ಹಾಕುವುದು ಶ್ರಮದ ಕೆಲಸವಾದರೂ ಉಳಿದಿರುವ ದಾರಿ ಅದೇ. ಕುಡಿಯುವ ನೀರಿಗೆ ಬಾವಿಯ ತೊಟ್ಟಿ ಕೆರೆಗಿಂತ ಲೇಸು.

ಬಸವನಹುಳು ಕೊಲ್ಲಲು ಮೈಲುತುತ್ತ ಹಾಕುವವರುಂಟು. ಅದು ಮೀನನ್ನೂ ಕೊಲ್ಲುತ್ತದೆ, ಕುರಿಗಂತೂ ವಿಷ. ಬಾತುಕೋಳಿ ಬಸವನಹುಳುವನ್ನು ತಿನ್ನುತ್ತದೆ. ಅಷ್ಟೇ ಅಲ್ಲ, ಬಾತುಕೋಳಿಯ ಹೊಟ್ಟೆಯ ಇನ್ನೊಂದು ಚಪ್ಪಟೆ ಹುಳುವಿನ ಮರಿಗಳು ಬಸವನಹುಳುವಿನೊಳಗೆ ಯಕೃತ್ತಿನ ಹುಳುವಿನ ಮರಿಗಳನ್ನು ತಿಂದುಹಾಕುತ್ತವೆ. ಇದನ್ನು ಹತೋಟಿಗೆ ಬಳಸುವ ಪ್ರಯೋಗದ ವಿವರ ಇಂಡೊನೇಷ್ಯದಿಂದ 2006ರಲ್ಲಿ ಪ್ರಕಟವಾಯಿತು.

ಪರೀಕ್ಷೆಗೆ ಸಗಣಿ ಒಯ್ಯುವಾಗ ನೆಲದ ಮೇಲಿನದನ್ನು ಬಾಚಬೇಡಿ. ಆಗತಾನೆ ಹಾಕಿದ್ದರಲ್ಲಿ ಮಣ್ಣು ತಾಗದ ಒಂದು ಹಿಡಿಯನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ, ಯಾವ ದನದ್ದೆಂದು ಬರೆದು, ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಿ. ಯಕೃತ್ತಿನ ಹುಳುವಿನ ಸಂಶಯವಿದೆಯೆಂದು ಬಾಯಿಬಿಟ್ಟು ಹೇಳಿ. ಈ ಮೊಟ್ಟೆ ಭಾರವಾದ್ದರಿಂದ ನೀರಿನ ತಳದಲ್ಲಿ ಇಳಿಯಬಿಟ್ಟು ನೋಡುವ ಬೇರೆ ವಿಧಾನವೇ ಬೇಕಾಗುತ್ತದೆ.