ಓಣಿಯ ನಾಯಿಗೆ ರೊಟ್ಟಿಯಷ್ಟೇ ಸಾಲದು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಗಳ ನಡುವೆ ಹಕ್ಕಿಗಳ ಕಥೆ ತಪ್ಪದೆ ಬರುತ್ತದೆ. ಹೊಲದಲ್ಲಿ ಜೋಳದ ತೆನೆಗೆ ಎರಗಿದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು ಅರಳಗುಂಡಗಿಯ ಶರಣಬಸವರು ಅವು ತಿನ್ನಲಿ ಎಂದು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು ಎಂಬುದು ಆ ಕಥೆ. ಅವರು ಲಿಂಗೈಕ್ಯರಾದದ್ದು 1822ರಲ್ಲಿ. ಎರಡು ಶತಮಾನ ಕಳೆದರೂ ಅವರ ಹೆಸರಿನ ದಾಸೋಹ ನಿಂತಿಲ್ಲ. ಹೋಳಿ ಹುಣ್ಣಿಮೆಯ ನಂತರದ ಐದನೆಯ ದಿನ ತೇರು ಎಳೆಯುವಾಗ ಹೈದರಾಬಾದು, ಸೋಲಾಪುರದ ಕಡೆಯಿಂದಲೂ ಜನ ಬಂದು ಸೇರುತ್ತಾರೆ. ಹಸಿದು ಬಂದವರಿಗೆ ಉಣಬಡಿಸುವುದು ಈ ಊರಿನ ನಡೆಯಲ್ಲೇ ಇದೆ. ಆ ನಡೆ ಮನುಷ್ಯರಿಗೆ ಮಾತ್ರ ಮೀಸಲಾಗಿಲ್ಲ. ಬಾಗಿಲ ಮುಂದೆ ನಿಂತ ನಾಯಿಗೆ ನಿನ್ನೆಯ ರೊಟ್ಟಿ, ಮಾಳಿಗೆಯಿಂದ ಇಳಿದ ಬೆಕ್ಕಿಗೆ ಒಂದು ಬಟ್ಟಲು ಹಾಲು ಹಾಕದ ಓಣಿ ಇಲ್ಲಿ ಸಿಗುವುದು ಕಷ್ಟ. ಈ ಒಳ್ಳೆಯ ರೂಢಿಯ ಬಗ್ಗೆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳಬೇಕಾಗಿದೆ. ಅನ್ನ ಹಾಕಿ ಕೈತೊಳೆದುಕೊಂಡರೆ ನಾಯಿಗೂ ಒಳ್ಳೆಯದಾಗುವುದಿಲ್ಲ, ನೆರೆಹೊರೆಗೂ ಒಳ್ಳೆಯದಾಗುವುದಿಲ್ಲ. ಆ ಕರುಣೆ ಪೂರ್ತಿಯಾಗುವುದು ಓಣಿಯ ಒಂದು ಮರಿಯನ್ನು ಮನೆಗೆ ತಂದು, ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದರ ಹೊಣೆ ಹೊತ್ತಾಗ.

ಅನ್ನವೊಂದೇ ಏನು ಮಾಡುತ್ತದೆ ಎಂಬುದನ್ನು ನೋಡಿ. ಒಂದು ಓಣಿಯಲ್ಲಿ ಎಷ್ಟು ನಾಯಿಗಳು ಬದುಕುತ್ತವೆ ಎಂಬುದನ್ನು ಬಹುಮಟ್ಟಿಗೆ ಅಲ್ಲಿ ಸಿಗುವ ಆಹಾರ ನಿರ್ಧರಿಸುತ್ತದೆ: ಮನೆಯವರು ಹಾಕುವುದು, ಖಾನಾವಳಿಯ ಹಿಂದೆ ಬೀಳುವುದು, ಮದುವೆ ಮಂಟಪದ ಎಲೆ, ಕಸದ ತೊಟ್ಟಿ. ಹೆಣ್ಣುನಾಯಿ ಸುಮಾರು 63 ದಿನ ಗರ್ಭ ಹೊತ್ತು ನಾಲ್ಕೈದು ಮರಿ ಹಾಕುತ್ತದೆ. ನಮ್ಮಲ್ಲಿ ಹೆಚ್ಚಿನ ಮರಿಗಳು ಹುಟ್ಟುವುದು ಚಳಿಗಾಲದಲ್ಲಿ. ಆ ಮರಿಗಳು ಮುಂದೆ ಏನಾಗುತ್ತವೆ? ಕೋಲ್ಕತ್ತ ಐಸರ್‌ನ ವಿಜ್ಞಾನಿ ಅನಿಂದಿತಾ ಭದ್ರ ಅವರ ತಂಡ ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳ 364 ಮರಿಗಳ ಬೆನ್ನು ಹತ್ತಿ ದಾಖಲೆ ಇಟ್ಟು, 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಮರಿ ಹಾಕುವ ವಯಸ್ಸಿನವರೆಗೆ ಬದುಕಿದವು ಶೇಕಡಾ 19 ಮಾತ್ರ. ಸಾವುಗಳಲ್ಲಿ ಶೇಕಡಾ 63ರಷ್ಟರ ಹಿಂದೆ ನೇರವಾಗಿಯೋ ಪರೋಕ್ಷವಾಗಿಯೋ ಮನುಷ್ಯರಿದ್ದರು. ಅಂದರೆ ಐದರಲ್ಲಿ ನಾಲ್ಕು ಮರಿಗಳು ವರ್ಷ ತುಂಬುವ ಮೊದಲೇ ಹೋಗುತ್ತವೆ. ತಾಯಿಗೆ ಹಾಕಿದ ರೊಟ್ಟಿ ಆ ಮರಿಗಳನ್ನು ಹುಟ್ಟಿಸುತ್ತದೆ, ಉಳಿಸುವುದಿಲ್ಲ. ಹೀಗೆಂದು ರೊಟ್ಟಿ ಹಾಕುವುದನ್ನು ನಿಲ್ಲಿಸಿ ಎಂದು ಹೇಳುತ್ತಿಲ್ಲ. ಹಸಿದ ಪ್ರಾಣಿಯನ್ನು ಉಪವಾಸ ಕೆಡವಿ ಸಂಖ್ಯೆ ಇಳಿಸುವುದು ಕ್ರೌರ್ಯ, ಅದರಿಂದ ಕಚ್ಚುವುದೂ ಕಡಿಮೆಯಾಗುವುದಿಲ್ಲ. ಅನ್ನದ ಹಿಂದೆಯೇ ಸೂಜಿಯೂ ಶಸ್ತ್ರಚಿಕಿತ್ಸೆಯೂ ಮನೆಯೂ ಬರಬೇಕು ಎಂಬುದಷ್ಟೇ ಇಲ್ಲಿನ ಮಾತು.

ಹಳ್ಳಿಯಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಕಮಲಾಪುರದ ಸುತ್ತಲಿನ ಊರುಗಳಲ್ಲಿ ನಾಯಿ ನಾಲ್ಕು ಮನೆಯ ಅನ್ನ ತಿಂದು ಇಡೀ ಓಣಿ ಕಾಯುತ್ತಿತ್ತು, ಹಗಲು ಹೊಲಕ್ಕೂ ಹೋಗಿ ಬರುತ್ತಿತ್ತು. ಅದು ಯಾರ ನಾಯಿ ಎಂದು ಕೇಳಿದರೆ ಉತ್ತರ ಇರುತ್ತಿತ್ತು. ನಗರದ ಹೊಸ ಬಡಾವಣೆಗಳಲ್ಲಿ ಅನ್ನ ಹಾಕುವವರಿದ್ದಾರೆ, ಉತ್ತರ ಕೊಡುವವರಿಲ್ಲ. ನಾಯಿ ಮಗುವೊಂದನ್ನು ಕಚ್ಚಿದ ದಿನ ಆ ವ್ಯತ್ಯಾಸ ತಿಳಿಯುತ್ತದೆ.

ಕಾನೂನೂ ಈಗ ಇದೇ ದಿಕ್ಕಿಗೆ ಬಂದಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ಬಂದ ನಿಯಮಗಳ ಜಾಗದಲ್ಲಿ 2023ರಲ್ಲಿ ಹೊಸ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಜಾರಿಯಾದವು. ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯಂಚನ್ನು ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು ಎನ್ನುತ್ತವೆ ಅವು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿ ಪ್ರದೇಶದ ನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿ, ಆಗಸ್ಟ್ 22ರಂದು ಆ ಆದೇಶವನ್ನು ಬದಲಿಸಿತು. ರೇಬಿಸ್ ತಗುಲಿದವು ಮತ್ತು ಮೈಮೇಲೆ ಬೀಳುವ ಸ್ವಭಾವದವು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಅದೇ ಜಾಗಕ್ಕೆ ಬಿಡಬೇಕು, ಅನ್ನ ಹಾಕಲು ಗೊತ್ತಾದ ಸ್ಥಳಗಳಿರಬೇಕು ಎಂದಿತು. ಆ ಆದೇಶದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಅಂಶವಿದೆ. ನಾಯಿ ಸಾಕಬಯಸುವವರು ನಗರಾಡಳಿತಕ್ಕೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ಪಡೆಯಬಹುದು, ಆದರೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಅವರ ಹೊಣೆ. ಅದೇ ವರ್ಷದ ನವೆಂಬರ್ 7ರ ಆದೇಶ ಇನ್ನೂ ಬಿಗಿಯಾದದ್ದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿ ಬಿಡುವಂತಿಲ್ಲ. ಇಷ್ಟು ವರ್ಷ ಯಾರೋ ಹಾಕಿದ ಅನ್ನ ತಿಂದು ಅಲ್ಲಿ ಬೆಳೆದ ನಾಯಿಗಳಿಗೆ ಈಗ ಉಳಿದಿರುವುದು ಎರಡೇ ದಾರಿ, ಆಶ್ರಯತಾಣ ಅಥವಾ ಒಂದು ಮನೆ.

ಮನೆ ಎಂದಾಗ ಬಹಳ ಜನರ ಮನಸ್ಸು ಅಂಗಡಿಯ ಜಾತಿ ನಾಯಿಯ ಕಡೆ ಹೋಗುತ್ತದೆ. ಹಸ್ಕಿ ಸೈಬೀರಿಯದ ಚಳಿಗೆಂದು ಎರಡು ಪದರದ ಕೂದಲು ಹೊತ್ತು ಬಂದದ್ದು. ಪಗ್‌ನ ಮೂತಿ ಎಷ್ಟು ಮೋಟೆಂದರೆ ಉಸಿರಾಟವೇ ಅದಕ್ಕೆ ಕೆಲಸ. ನಾಯಿ ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿಯಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಶಾಖ ಹೊರಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗಿನ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಅಂಥ ಬಿಸಿಲಿನಲ್ಲಿ ಹಸ್ಕಿಯನ್ನು ಸಾಕುವುದು ಅದನ್ನು ದಿನವಿಡೀ ತಂಪುಕೋಣೆಯಲ್ಲಿ ಕೂಡಿಹಾಕಿದಂತೆಯೇ. ಈ ನೆಲದ ನಾಯಿಯದು ಗಿಡ್ಡ ಕೂದಲು, ತೆಳುಮೈ, ಉದ್ದ ಮೂತಿ. ಶಹಾಬಾದ್ ಕಲ್ಲಿನ ನೆಲ, ಒಂದು ಬೋಗುಣಿ ನೀರು ಇದ್ದರೆ ಬೇಸಿಗೆ ಕಳೆಯುತ್ತದೆ. ಇಲ್ಲೊಂದು ಹಳೆಯ ಮಾತು ನೆನಪಾಗದೆ ಇರದು. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ತಕ್ಕೋಲದ ಯುದ್ಧ ಗೆದ್ದ ಮೇಲೆ, ಗಂಗ ದೊರೆ ಬೂತುಗ ತನ್ನ ವೀರ ಮಣಲೆರನಿಗೆ ಬೇಕಾದದ್ದನ್ನು ಕೇಳು ಎಂದನಂತೆ. ಮಣಲೆರ ಕೇಳಿದ್ದು ಕಾಳಿ ಎಂಬ ಒಂದು ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿಯೂ ದತ್ತಿಯಾಯಿತು. ಅದೇ 949-50ರ ಸುಮಾರಿನ ಆತಕೂರು ಶಾಸನ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಿಂದ ತಂದು ಮನೆಮನೆಯಲ್ಲಿ ತೂಗುಹಾಕಿದ ದತ್ತಾತ್ರೇಯನ ಪಟದಲ್ಲಿಯೂ ಕಾಲ ಬಳಿ ನಾಲ್ಕು ನಾಯಿಗಳಿವೆ. ನಾಯಿ ನಮ್ಮ ಮನೆಗೆ ಹೊಸಬನಲ್ಲ.

ಬೀದಿಯಲ್ಲಿ ಹುಟ್ಟಿದ್ದು ಮನೆಗೆ ಹೊಂದೀತೇ, ಹೇಳಿದ ಮಾತು ಕೇಳೀತೇ ಎಂಬ ಅನುಮಾನ ಸಹಜ. ಇದಕ್ಕೂ ಭದ್ರ ಅವರ ತಂಡದ ಮತ್ತೊಂದು ಅಧ್ಯಯನ ಉತ್ತರ ಕೊಡುತ್ತದೆ. ಪರಿಚಯವಿಲ್ಲದ ವ್ಯಕ್ತಿ ಕೆಲವು ಬೀದಿನಾಯಿಗಳಿಗೆ ಮತ್ತೆ ಮತ್ತೆ ತಿನಿಸು ಕೊಟ್ಟು ನೋಡಿದರು, ಕೆಲವಕ್ಕೆ ಬರೀ ತಲೆ ಸವರಿದರು. ಹೆಚ್ಚು ನಂಬಿ ಹತ್ತಿರ ಬಂದದ್ದು ತಲೆ ಸವರಿಸಿಕೊಂಡವು. ನಾಯಿಗೆ ಬೇಕಾದದ್ದು ರೊಟ್ಟಿ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಮನೆಗೆ ಹೊಂದುವುದು ಹೆಚ್ಚಾಗಿ ತರುವ ವಯಸ್ಸಿನ ಮೇಲೆ ನಿಂತಿದೆ. ಕಣ್ಣು ಬಿಟ್ಟ ಕೂಡಲೇ ಮುದ್ದಾಗಿದೆ ಎಂದು ಮೂರು ನಾಲ್ಕು ವಾರದ ಮರಿಯನ್ನು ಎತ್ತಿಕೊಂಡು ಬರುವುದು ದೊಡ್ಡ ತಪ್ಪು. ತಾಯಿಯ ಹಾಲು ಅದಕ್ಕೆ ರೋಗದಿಂದ ರಕ್ಷಣೆ. ಒಡಹುಟ್ಟಿದವುಗಳ ಜೊತೆ ಆಡುವಾಗಲೇ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಅದು ಕಲಿಯುತ್ತದೆ. ಮಾರುವವರೂ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನೋತ್ಪಾದನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಅಂಗಡಿಗೆ ಅನ್ವಯಿಸುವ ಆ ತಿಳಿವಳಿಕೆ ಓಣಿಯ ಮರಿಗೂ ಅನ್ವಯಿಸಲಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮರಿ ಒಯ್ಯುವವರು ಸೂಲಿಗೆ ಹೆದರಿ ಗಂಡುಮರಿಯನ್ನೇ ಆರಿಸುತ್ತಾರೆ, ಹೆಣ್ಣುಮರಿಗಳು ಚರಂಡಿ ಪಕ್ಕದಲ್ಲೇ ಉಳಿಯುತ್ತವೆ. ಮುಂದಿನ ವರ್ಷ ಆ ಹೆಣ್ಣುಮರಿಗಳೇ ತಾಯಿಯಾಗುತ್ತವೆ. ಹೀಗೆ ಒಂದು ಗಂಡುಮರಿಗೆ ಮನೆ ಸಿಕ್ಕರೂ ಓಣಿಯ ಲೆಕ್ಕ ಬದಲಾಗುವುದಿಲ್ಲ. ಸೂಲಿನ ಭಯಕ್ಕೆ ಮದ್ದಿದೆ: ಆರು ತಿಂಗಳ ಆಸುಪಾಸಿನಲ್ಲಿ ವೈದ್ಯರು ಹೇಳಿದಾಗ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆಯಿತು.

ರೇಬಿಸ್ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಅದನ್ನು ಪ್ರಾಣಿಪ್ರೀತಿಯ ಮಾತಿನಿಂದ ತೇಲಿಸಿಬಿಡುವುದು ನಾಯಿ ಕಚ್ಚಿ ಮಗುವನ್ನು ಕಳೆದುಕೊಂಡ ಮನೆಗಳಿಗೆ ಮಾಡುವ ಅವಮಾನ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ರೇಬಿಸ್ ಸಾವುಗಳಲ್ಲಿ ಸುಮಾರು ಶೇಕಡಾ 36 ಭಾರತದವು. ಶಂಕಿತ ಪ್ರಾಣಿಯಿಂದ ಕಚ್ಚಿಸಿಕೊಂಡವರಲ್ಲಿ ಶೇಕಡಾ 40ರಷ್ಟು 15 ವರ್ಷದೊಳಗಿನ ಮಕ್ಕಳು. ಅದೇ ಸಂಸ್ಥೆ ಹೇಳುವ ಇನ್ನೊಂದು ಅಂಕಿ 70. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆ ಆದರೆ ರೋಗ ನಾಯಿಯಿಂದ ನಾಯಿಗೆ ಹಬ್ಬುವುದು ಮುರಿಯುತ್ತದೆ. ಹೀಗೆ ನೋಡಿದರೆ ರೇಬಿಸ್ ಭಯ ದತ್ತುವಿನ ವಿರುದ್ಧದ ವಾದವಲ್ಲ, ಅದರ ಪರವಾದ ವಾದ. ಬೀದಿಯಲ್ಲಿದ್ದ ಮರಿ ಮನೆ ಸೇರಿ ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಹಾಕಿಸಿಕೊಂಡರೆ ಆ ಶೇಕಡಾ 70ರ ಲೆಕ್ಕಕ್ಕೆ ಒಂದು ಸೇರಿದಂತೆ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳೂ ಜಂತುಹುಳದ ಔಷಧಿಯೂ ಇನ್ನೂ ಮೊದಲೇ, ಆರರಿಂದ ಎಂಟು ವಾರದಲ್ಲೇ ಶುರುವಾಗಬೇಕು. ಲಸಿಕೆ ಆಗುವ ಮೊದಲು ಮರಿ ಆಟಕ್ಕೆ ಹಲ್ಲು ತಾಗಿಸಿ ಗಾಯವಾದರೂ ಉದಾಸೀನ ಸಲ್ಲದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಬರೆದ ಎಲ್ಲ ಡೋಸ್ ಮುಗಿಸಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಮೆತ್ತುವ ಪದ್ಧತಿ ಪ್ರಾಣಕ್ಕೆ ಎರವು.

ಈ ಭಾಗದ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ. ಆ ಮನೆಯಲ್ಲಿ ನಾಯಿ ಸಾಕಬಹುದೇ? ಸಾಕಬಹುದು. ಮನುಷ್ಯನ ಜೊತೆ ಸಾವಿರಾರು ವರ್ಷ ಬದುಕಿದ ನಾಯಿ, ತೋಳಕ್ಕಿಂತ ಚೆನ್ನಾಗಿ ಹಿಟ್ಟಿನ ಪದಾರ್ಥ ಅರಗಿಸಿಕೊಳ್ಳುತ್ತದೆ ಎಂದು 2013ರ ವಂಶವಾಹಿ ಅಧ್ಯಯನವೊಂದು ತೋರಿಸಿದೆ. ಜೋಳದ ರೊಟ್ಟಿ, ಒಗ್ಗರಣೆ ಹಾಕದ ತೊಗರಿಬೇಳೆ, ಮೊಸರು, ಒಪ್ಪುವ ಮನೆಯಲ್ಲಿ ಬೇಯಿಸಿದ ಮೊಟ್ಟೆ, ಪಶುವೈದ್ಯರು ಸೂಚಿಸಿದ ಪೂರಕ ಆಹಾರ ಇದ್ದರೆ ಸಾಗುತ್ತದೆ. ರೊಟ್ಟಿ ಒಂದೇ ಸಾಲದು ಎಂಬುದು ನೆನಪಿರಲಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಪಲ್ಯ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಬೆಕ್ಕಿನ ವಿಷಯ ಬೇರೆಯೇ. ಅದು ಅಪ್ಪಟ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ಮೈಗಿಲ್ಲ. ಅದು ಸಿಗದಿದ್ದರೆ ಕಣ್ಣೂ ಹೃದಯವೂ ಕೆಡುತ್ತವೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದೂ ಇಲ್ಲ. ಹಾಲು ಅನ್ನದಲ್ಲೇ ಬೆಕ್ಕು ಸಾಕುತ್ತೇವೆ ಎನ್ನುವ ಮನೆ, ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ತರಲು ಸಿದ್ಧವಿರಬೇಕು, ಇಲ್ಲವೇ ನಾಯಿಯನ್ನು ಆರಿಸಿಕೊಳ್ಳಬೇಕು. ಬಂದೇನವಾಜ್ ದರ್ಗಾದ ಸುತ್ತಲಿನ ಓಣಿಗಳಲ್ಲಿರುವಂಥ ಮುಸ್ಲಿಂ ಮನೆಗಳಲ್ಲಿ ಬೆಕ್ಕನ್ನು ಶುದ್ಧವೆಂದೇ ಕಾಣುತ್ತಾರೆ, ಆಹಾರದ ತೊಡಕೂ ಇಲ್ಲ. ಅಲ್ಲಿ ಬೆಕ್ಕಿನ ಮರಿಗೆ ಒಳ್ಳೆಯ ನೆಲೆ ಸಿಗಬಲ್ಲದು. ಬೆಕ್ಕಿಗೂ ರೇಬಿಸ್ ಲಸಿಕೆ ಬೇಕು. ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಲ್ಲದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ಮರಳಿನ ತಟ್ಟೆಯನ್ನು ದಿನವೂ ಚೊಕ್ಕ ಮಾಡಬೇಕು, ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಬೇಕು. ಜ್ವರವೆಂದು ಪ್ಯಾರಸಿಟಮಾಲ್ ಚೂರು ಕೊಟ್ಟರೂ ಬೆಕ್ಕು ಸಾಯಬಹುದು.

ನಾಯಿ 12ರಿಂದ 15 ವರ್ಷ ಬದುಕುತ್ತದೆ. ಬಾಡಿಗೆ ಮನೆ ಬದಲಿಸುವಾಗ, ಮಗಳ ಮದುವೆಯಲ್ಲಿ, ವರ್ಗಾವಣೆಯಾದಾಗ ಅದು ಮನೆಯ ಸದಸ್ಯನಾಗಿಯೇ ಇರಬೇಕು. ಇದು ಆಗದು ಎನ್ನುವವರು ತರದಿರುವುದೇ ಒಳ್ಳೆಯದು. ಎರಡು ವರ್ಷ ಸಾಕಿ ರಿಂಗ್ ರಸ್ತೆಯಾಚೆ ಬಿಟ್ಟು ಬರುವುದಕ್ಕಿಂತ ಸಾಕದಿರುವುದು ಮೇಲು. ಅವರೂ ಮಾಡಬಹುದಾದದ್ದು ಇದೆ: ತಾವು ಅನ್ನ ಹಾಕುವ ನಾಯಿಗೆ ಲಸಿಕೆ, ಶಸ್ತ್ರಚಿಕಿತ್ಸೆ ಆಗುವಂತೆ ಪಾಲಿಕೆಗೆ ಮನವಿ ಕೊಟ್ಟು ಬೆನ್ನು ಹತ್ತುವುದು, ಶಾಲೆಯ ಗೇಟಿನ ಬಳಿ ಅನ್ನ ಹಾಕದೆ ಮಕ್ಕಳು ಓಡಾಡದ ಮೂಲೆಯಲ್ಲಿ ಹಾಕುವುದು.

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಬೀದಿನಾಯಿಗಳು ಸುಮಾರು 11 ಲಕ್ಷ. ಅಷ್ಟರ ನಡುವೆ ಒಂದು ಮರಿ ತಂದರೇನು ಬಿಟ್ಟರೇನು ಎಂದು ಕೇಳಬಹುದು. ದತ್ತುವೊಂದರಿಂದಲೇ ಬೀದಿ ಖಾಲಿಯಾಗುತ್ತದೆ ಎಂದು ನಾನೂ ನಂಬಿಲ್ಲ. ಪಾಲಿಕೆಗಳು ಸಂತಾನ ನಿಯಂತ್ರಣವನ್ನು ಬಿಡದೆ ನಡೆಸದಿದ್ದರೆ ಸಂಖ್ಯೆ ಇಳಿಯುವುದಿಲ್ಲ. ಆದರೆ ಹುಟ್ಟಿದ ಐದರಲ್ಲಿ ನಾಲ್ಕು ಸಾಯುವ ಜಾಗದಿಂದ ಒಂದು ಹೆಣ್ಣುಮರಿ ಹೊರಬಂದರೆ ಅದರ ಜೀವ ಉಳಿಯುತ್ತದೆ, ಅದರ ಮುಂದಿನ ಸೂಲುಗಳೂ ನಿಲ್ಲುತ್ತವೆ. ಈ ಚಳಿಗಾಲದಲ್ಲಿ ನಿಮ್ಮ ಓಣಿಯಲ್ಲಿ ನಾಯಿ ಮರಿ ಹಾಕಿದರೆ ತಾಯಿಗೆ ಅನ್ನ ನೀರು ಇಟ್ಟು ಎಂಟು ವಾರ ಕಾಯಿರಿ. ಆಮೇಲೆ ಮರಿಗಳಿಗೆ ಮನೆ ಹುಡುಕಿ, ನಿಮಗೆ ಸಾಧ್ಯವಿದ್ದರೆ ಒಂದು ಹೆಣ್ಣುಮರಿಯನ್ನು ನೀವೇ ಒಯ್ಯಿರಿ. ಅದೇ ವಾರ ಅದನ್ನು ಪಶು ಆಸ್ಪತ್ರೆಗೆ ಕರೆದೊಯ್ಯಿರಿ, ತಾಯಿನಾಯಿಯ ಶಸ್ತ್ರಚಿಕಿತ್ಸೆಗೆ ಪಾಲಿಕೆಯ ಕಚೇರಿಯಲ್ಲಿ ಅರ್ಜಿ ಕೊಡಿ.