ಚಿತ್ರದಲ್ಲಿ ಕಾಣದ ಮೂರು ಮುಖಗಳು

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿಯ ಉತ್ತರ ಪತ್ರಿಕೆ ತಿದ್ದುವಾಗ ನಾನೇ ಒಂದು ತಪ್ಪು ಮಾಡಿದೆ. ಪ್ರಶ್ನೆ ಸರಳವಾಗಿತ್ತು: ಚಿತ್ರದಲ್ಲಿರುವ ಘನಕ್ಕೆ ಎಷ್ಟು ಮುಖ, ಎಷ್ಟು ಅಂಚು, ಎಷ್ಟು ಶೃಂಗ? ಅವಳು 3, 9, 7 ಎಂದು ಬರೆದಿದ್ದಳು. ಕೆಂಪು ಪೆನ್ನಿನಿಂದ ಗೀಟು ಎಳೆದು ಸೊನ್ನೆ ಕೊಟ್ಟೆ. ಮರುದಿನ ಪೇಪರ್ ಹಿಡ್ಕೊಂಡು ಬಂದಳು. "ಎಣಿಸೇ ಬರ್ದೀನ್ರಿ ಟೀಚರ್. ನೀವೂ ಒಮ್ಮೆ ಎಣಿಸಿ ನೋಡ್ರಿ."

ಎಣಿಸಿದೆ. ಚಿತ್ರದಲ್ಲಿ ಇದ್ದದ್ದು 3, 9, 7 ಮಾತ್ರ!

ಅವಳು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಳು. ಚಪ್ಪಟೆ ಹಲಗೆಯ ಮೇಲೆ ದಪ್ಪ ವಸ್ತುವನ್ನು ಬಿಡಿಸಿ, ಅದರ ಹಿಂಭಾಗವನ್ನು ನೀನೇ ಊಹಿಸಿಕೋ ಎಂದು ಬಿಟ್ಟವಳು ನಾನು. ಆ ದಿನದಿಂದ ಈ ಪಾಠವನ್ನು ಕೈಗೆ ಏನಾದರೂ ಕೊಡದೆ ಶುರು ಮಾಡುವುದಿಲ್ಲ.

ಮೊದಲು ಹೆಸರುಗಳು. ಚೌಕ, ತ್ರಿಕೋನ, ವೃತ್ತ ಇವೆಲ್ಲ ಕಾಗದದ ಮೇಲೆ ಮಲಗಿರುವ ಆಕೃತಿಗಳು. ಇವಕ್ಕೆ ಉದ್ದ, ಅಗಲ ಇದೆ, ಎತ್ತರ ಇಲ್ಲ. ಎತ್ತರವೂ ಸೇರಿದರೆ ಆಕೃತಿ ಜಾಗ ತುಂಬುತ್ತದೆ, ಅದಕ್ಕೆ ಗಾತ್ರ ಬರುತ್ತದೆ. ಅದೇ ಮೂರು ಆಯಾಮದ ಆಕೃತಿ. ಅದರ ಚಪ್ಪಟೆ ಮೈಗೆ ಮುಖ ಎನ್ನುತ್ತೇವೆ. ಎರಡು ಮುಖಗಳು ಕೂಡುವ ಗೆರೆ ಅಂಚು. ಅಂಚುಗಳು ಕೂಡುವ ಮೂಲೆ ಶೃಂಗ.

ಸೊಲ್ಲಾಪುರದ ನನ್ನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಉರ್ದು, ಪಾಠದಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಹಾಗಾಗಿ ಎರಡು ಹೆಸರನ್ನೂ ಹೇಳಿಬಿಡುತ್ತೇನೆ: ಘನ ಅಂದರೆ ಮುಕಅಬ್, ಸಿಲಿಂಡರ್ ಅಂದರೆ ಉಸ್ತುವಾನಾ, ಶಂಕು ಅಂದರೆ ಮಖ್ರೂತ್, ಗೋಳ ಅಂದರೆ ಕುರಾ. ಕಾಬಾ ಎಂಬ ಪದವೂ ಮುಕಅಬ್ ಹುಟ್ಟಿದ ಅರಬಿ ಮೂಲದಿಂದಲೇ ಬಂದದ್ದು ಅಂದಾಗ ಮಕ್ಕಳ ಕಣ್ಣು ಅರಳುತ್ತವೆ. ಮನೆಯ ಮಾತಿಗೆ ಹೊಂದಿಕೊಂಡ ಪದ ಮರೆತುಹೋಗುವುದಿಲ್ಲ.

ಈಗ ಕೈಕೆಲಸ. ರಾತ್ರಿ ನೆನೆಸಿದ ಕಡಲೆಕಾಳು, ಒಂದು ಡಬ್ಬಿ ಟೂತ್‌ಪಿಕ್ ಸಾಕು. ಕಾಳು ಶೃಂಗ, ಕಡ್ಡಿ ಅಂಚು. ಘನ ಕಟ್ಟಲು 8 ಕಾಳು, 12 ಕಡ್ಡಿ ಬೇಕೇ ಬೇಕು. 7 ಕಾಳು, 9 ಕಡ್ಡಿ ಕೊಟ್ಟು ನೋಡಿ, ಹಿಂದಿನ ಮೂಲೆ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಚಿತ್ರದ ಹಿಂದೆ ಅಡಗಿದ್ದು 3 ಮುಖ, 3 ಅಂಚು, 1 ಶೃಂಗ ಎಂಬುದು ಮಕ್ಕಳಿಗೆ ಆಗ ಬೆರಳಿನಿಂದಲೇ ತಿಳಿಯುತ್ತದೆ. ಒಟ್ಟು 6, 12, 8. ಪೆಟ್ಟಿಗೆಯಂಥ ಆಯತ ಘನಕ್ಕೂ ಇದೇ ಲೆಕ್ಕ; ಅದರ ಮುಖಗಳೆಲ್ಲ ಚೌಕವೇ ಆಗಿರಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಎಣಿಕೆ ಸರಿಯಾಯಿತೋ ಇಲ್ಲವೋ ನೋಡಲು ಒಂದು ಸೂತ್ರವಿದೆ. 18ನೇ ಶತಮಾನದ ಸ್ವಿಸ್ ಗಣಿತಜ್ಞ ಆಯ್ಲರ್ ಹೆಸರಿನದು. ಮುಖ ಮತ್ತು ಶೃಂಗಗಳನ್ನು ಕೂಡಿಸಿ, ಅಂಚುಗಳನ್ನು ಕಳೆದರೆ 2 ಬರಬೇಕು. ಘನಕ್ಕೆ 6 + 8 − 12 = 2. ಚೌಕ ತಳದ ಪಿರಮಿಡ್‌ಗೆ 5 + 5 − 8 = 2. ತ್ರಿಕೋನ ಪಟ್ಟಕಕ್ಕೆ 5 + 6 − 9 = 2. ನಡುವೆ ತೂತಿಲ್ಲದ, ಚಪ್ಪಟೆ ಮುಖಗಳ ಆಕೃತಿಗಳಿಗೆಲ್ಲ ಇದು ಹೊಂದುತ್ತದೆ. ನನ್ನ ವಿದ್ಯಾರ್ಥಿನಿಯ ಲೆಕ್ಕ ಹಾಕಿ: 3 + 7 − 9 = 1. ಏನೋ ಅಡಗಿ ಕೂತಿದೆ ಎಂದು ಸೂತ್ರವೇ ಹೇಳುತ್ತಿದೆ.

ದುಂಡನೆಯ ಆಕೃತಿಗಳ ಗುಣ ಬೇರೆ. ಹಾಲಿನ ಪುಡಿಯ ಡಬ್ಬಿ ಸಿಲಿಂಡರ್: ಎರಡು ಚಪ್ಪಟೆ ವೃತ್ತ, ಸುತ್ತ ಒಂದು ಬಾಗಿದ ಮೈ. ಅದರ ಲೇಬಲ್ ಉದ್ದಕ್ಕೆ ಕತ್ತರಿಸಿ ಬಿಚ್ಚಿದರೆ ಆಯತ ಸಿಗುತ್ತದೆ. ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣ ಶಂಕು. ಒಂದು ತುದಿ, ಬಾಯಿಯ ಕಡೆ ಒಂದು ವೃತ್ತ. ಬಾಯಿಯೂ ಎತ್ತರವೂ ಸಮ ಇರುವ ಶಂಕುವಿನಿಂದ ಅಕ್ಕಿ ಅಳೆದು ಸಿಲಿಂಡರಿಗೆ ಸುರಿಯಿರಿ, ಸರಿಯಾಗಿ ಮೂರು ಸಲಕ್ಕೆ ತುಂಬುತ್ತದೆ. ಗಾತ್ರದ ಸೂತ್ರದಲ್ಲಿ ಮೂರನೇ ಒಂದು ಭಾಗ ಬರುವುದು ಇದಕ್ಕೇ. ಗೋಳಕ್ಕೆ ಮಾತ್ರ ಅಂಚೂ ಇಲ್ಲ, ಶೃಂಗವೂ ಇಲ್ಲ.

ಇವೆಲ್ಲ ಒಂದೇ ಕಡೆ ನೋಡಬೇಕಾದರೆ ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ವಿಜಯಪುರಕ್ಕೆ ಹೋಗಿ. 17ನೇ ಶತಮಾನದಲ್ಲಿ ಕಟ್ಟಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಗೋಲ ಗುಮ್ಮಟ ಹೆಚ್ಚುಕಡಿಮೆ ಒಂದು ಘನ, ಪ್ರತಿ ಬದಿ ಸುಮಾರು 47.5 ಮೀಟರ್. ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಅರ್ಧಗೋಳದಂಥ ಗುಮ್ಮಟ. ಮೂಲೆಗಳಲ್ಲಿ ಏಳಂತಸ್ತಿನ ನಾಲ್ಕು ಗೋಪುರ. ಒಂದೊಂದೂ ಎಂಟು ಬದಿಯ ಪಟ್ಟಕ. ಚೌಕದ ಮೇಲೆ ದುಂಡನೆಯದು ಹೇಗೆ ಕೂತಿತು? ಒಳಗೆ ತಲೆ ಎತ್ತಿ ನೋಡಿ. ಒಂದನ್ನೊಂದು ದಾಟುವ ಎಂಟು ಕಮಾನುಗಳು ನಾಲ್ಕು ಮೂಲೆಯನ್ನು ಎಂಟು ಮಾಡಿ, ಚೌಕವನ್ನು ವೃತ್ತಕ್ಕೆ ಹತ್ತಿರ ತಂದಿವೆ. ಹೊರಗೆ ಹತ್ತಿರದಿಂದ ನೇರ ಎದುರು ನಿಂತರೆ ಎರಡೇ ಗೋಪುರ ಕಾಣುತ್ತವೆ. ನಾಲ್ಕೂ ಬೇಕೆಂದರೆ ಸುತ್ತು ಹಾಕಲೇಬೇಕು.

ಆ ಹುಡುಗಿಯ ಅಂಕ ತಿದ್ದಿಕೊಟ್ಟೆ. ಪ್ರಶ್ನೆಯನ್ನೂ ತಿದ್ದಿದೆ. ಈಗ ನನ್ನ ಪ್ರಶ್ನೆಪತ್ರಿಕೆಯಲ್ಲಿ ಹೀಗಿರುತ್ತದೆ: ಚಿತ್ರದಲ್ಲಿ ಕಾಣುವ ಮುಖ ಎಷ್ಟು? ಕಾಣದ ಮುಖ ಎಷ್ಟು?