ಕೈ ಎತ್ತುವ ಮೊದಲು



ನಿಮ್ಮಲ್ಲಿ ಒಬ್ಬಿಬ್ಬರಾದರೂ ನರ್ಸಿಂಗ್ ಓದುತ್ತಿರಬಹುದು. ಉಳಿದವರ ಮನೆಯಲ್ಲಿ ಚಿಕ್ಕಮ್ಮನೋ ಅತ್ತಿಗೆಯೋ ಆ ಕೆಲಸದಲ್ಲಿರಬಹುದು. ಆಕೆ ಮಾನಸಿಕ ರೋಗಿಗಳ ವಾರ್ಡಿನಲ್ಲಿದ್ದರೆ ಒಮ್ಮೆ ಕೇಳಿ ನೋಡಿ: "ರೋಗಿಯಿಂದ ಪೆಟ್ಟು ತಿಂದದ್ದುಂಟೇ?" ಆಕೆ ನಕ್ಕು ಮಾತು ಮರೆಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ನಾನೂ ವರ್ಷಗಟ್ಟಲೆ ಹಾಗೆ ನಕ್ಕವಳು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ರಾತ್ರಿ ಪಾಳಿಯಲ್ಲಿ ಗಂಡಸರ ವಾರ್ಡಿಗೆ ನಾನೊಬ್ಬಳೇ. ಹೋಟೆಲ್ ಕೆಲಸದ ಹುಡುಗನೊಬ್ಬ ಸಂಜೆಯಿಂದ ಶತಪಥ ಹಾಕುತ್ತ, ಪಕ್ಕದವನ ಮೇಲೆ ರೇಗುತ್ತ, ಕಿರುಚುತ್ತ, ಮಂಚಕ್ಕೆ ಒದೆಯುತ್ತ ಇದ್ದ. ನನಗೆ ಮಾತ್ರೆ ಹಂಚಿ ಮುಗಿಸುವ ಅವಸರ. "ಚಲೋ, ಜಲ್ದಿ!" ಎಂದು ಗದರಿದೆ. ಅವನ ಕೈಯಲ್ಲಿದ್ದ ಸ್ಟೀಲ್ ಲೋಟ ನನ್ನ ಮಣಿಕಟ್ಟಿಗೆ ಬಡಿಯಿತು. ಎಲುಬು ಬಿರುಕು ಬಿಟ್ಟಿತು.

"ಈ ವಾರ್ಡಿನಲ್ಲಿ ಇದೆಲ್ಲ ಇದ್ದದ್ದೇ" ಎಂದರು ಮೇಲಿನವರು. ರಿಜಿಸ್ಟರಿನಲ್ಲಿ ಒಂದು ಸಾಲೂ ಬರೆಯಲಿಲ್ಲ. ಬರೆದರೆ ನನ್ನದೇ ತಪ್ಪೆಂದಾರೆಂದು ನಾನೂ ಸುಮ್ಮನಾದೆ.

ಹಾಗೆಂದು ಮಾನಸಿಕ ರೋಗಿಗಳೆಲ್ಲ ಹೊಡೆಯುವವರೆಂದು ಭಾವಿಸಬೇಡಿ. ಅದು ಸಿನಿಮಾದವರು ಕಟ್ಟಿದ ಕತೆ. ಬಹುಪಾಲು ರೋಗಿಗಳು ಯಾರ ಮೇಲೂ ಕೈ ಮಾಡುವುದಿಲ್ಲ. ಇತರರಿಂದ ಪೆಟ್ಟು ತಿನ್ನುವವರೇ ಹೆಚ್ಚು.

ನಾರ್ವೆಯಲ್ಲಿ ರೂಪುಗೊಂಡ 'ಬ್ರೋಸೆಟ್' ಎಂಬ ಪಟ್ಟಿಯೊಂದಿದೆ. ಗೊಂದಲ, ಸಿಡಿಮಿಡಿ, ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಬರುವ ಬೆದರಿಕೆ, ವಸ್ತುಗಳ ಮೇಲೆ ದಾಳಿ – ಈ 6 ಲಕ್ಷಣಗಳಿಗೆ ಒಂದೊಂದು ಅಂಕ. ಮೂರೋ ಹೆಚ್ಚೋ ಬಂದರೆ ಮುಂದಿನ 24 ಗಂಟೆಗಳಲ್ಲಿ ಅಪಾಯದ ಸಂಭವ ಹೆಚ್ಚು. ಅಂದು ಎಣಿಸಿದ್ದರೆ ಆ ಹುಡುಗನಿಗೆ ಮೂರು ಅಂಕ ಸಿಗುತ್ತಿತ್ತು.

ಆಗ ಮಾಡಬೇಕಾದುದೇನು? ಮೊದಲು ಇನ್ನೊಬ್ಬರನ್ನು ಕರೆಯುವುದು. ಆದರೆ ಮಾತಾಡುವವರು ಒಬ್ಬರೇ ಇರಬೇಕು. ಎರಡು ತೋಳಿನ ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಲ್ಲುವುದು. ಬಾಗಿಲು ನಮಗೆ ಸಮೀಪವಿರಬೇಕು, ಅದಕ್ಕೆ ಅಡ್ಡ ನಿಲ್ಲಬಾರದು. ಅವನಿಗೆ ಕೇಳಿಸುವ ದನಿ ಸುಳ್ಳೆಂದು ವಾದಿಸಬಾರದು, ನಿಜವೆಂದು ತಲೆದೂಗಲೂಬಾರದು. "ಹೆದರಿಕೆ ಆಗ್ತಾ ಉಂಟಾ?" ಎಂದು ಕೇಳಬಹುದು. "ಮಾತ್ರೆ ಈಗ ಬೇಕಾ, ಚಹಾ ಕುಡಿದ ಮೇಲಾ?" ಎಂದು ಆಯ್ಕೆಯನ್ನು ಅವನ ಕೈಗೇ ಕೊಡಬಹುದು. (ಕತ್ತರಿಯನ್ನು ಜೇಬಿನಲ್ಲಿಟ್ಟುಕೊಳ್ಳುವ ನಮ್ಮ ಹಳೆಯ ಚಾಳಿಯನ್ನಂತೂ ಬಿಡಬೇಕು.)

ಇಂಗ್ಲೆಂಡಿನಲ್ಲಿ ಲೆನ್ ಬವರ್ಸ್ ಮತ್ತು ಸಂಗಡಿಗರು ರೂಪಿಸಿದ 'ಸೇಫ್‌ವಾರ್ಡ್ಸ್' ಪದ್ಧತಿಯಲ್ಲಿರುವುದೂ ಇಂಥ ಸಾದಾ ಸಂಗತಿಗಳೇ. 31 ವಾರ್ಡುಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದನ್ನು ಅನುಸರಿಸಿದ ಕಡೆ ಘರ್ಷಣೆ ಶೇ. 15ರಷ್ಟು ಇಳಿಯಿತು. ರೋಗಿಗಳನ್ನು ಹಿಡಿದು ಕಟ್ಟುವಂಥ ಬಲವಂತದ ಕ್ರಮಗಳೂ ಕಾಲುಭಾಗದಷ್ಟು ತಗ್ಗಿದವು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಒಂಟಿಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸಿದೆ. ಕಟ್ಟುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮನೋವೈದ್ಯರ ಅನುಮತಿಯಿಂದ.

ಆದರೆ ಇಡೀ ವಾರ್ಡಿಗೆ ಒಬ್ಬಳೇ ನರ್ಸನ್ನು ಬಿಟ್ಟು "ಮೆದುವಾಗಿ ಮಾತಾಡಮ್ಮ" ಎಂದರೆ ಏನು ಪ್ರಯೋಜನ? ಜೊತೆಗೆ ಇನ್ನೊಬ್ಬರು, ಒತ್ತಿದರೆ ಕೇಳುವ ಗಂಟೆ, ಪೆಟ್ಟು ಬಿದ್ದ ದಿನ ರಜೆ – ಇವು ಆಡಳಿತದ ಹೊಣೆ. ಅದಕ್ಕೇ ದಾಖಲೆ ಮುಖ್ಯ. ಬರೆಯದ ಪೆಟ್ಟು ಲೆಕ್ಕಕ್ಕಿಲ್ಲ. ಲೆಕ್ಕವಿಲ್ಲದ ಕಡೆ ಹೆಚ್ಚು ಸಿಬ್ಬಂದಿ ಕೇಳುವುದಾದರೂ ಹೇಗೆ?

ಎರಡು ವಾರ ಕಳೆದು, ಆ ಹುಡುಗ ನನ್ನ ಬ್ಯಾಂಡೇಜು ನೋಡಿ ಕನ್ನಡದಲ್ಲೇ ಕೇಳಿದ: "ಅಕ್ಕಾ, ಕೈ ನೋವುಂಟಾ? ನೀವು 'ಚಲೋ' ಅಂದಾಗ ಪೊಲೀಸ್ನವರು ಬಂದ್ರು ಅಂತ ಗ್ರಹಿಸಿದ್ದೆ."